ಸೋಲಾರ್ ಪಂಪಿನ ಹಿಂದಿನ ಸರಪಳಿ: ಖನಿಜಗಳಿಗೂ ಹವಾಮಾನಕ್ಕೂ ಇರುವ ನಂಟು

ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠದಲ್ಲಿ ಅದಿರಿನಿಂದ ಲೋಹ ತೆಗೆಯುವ ಹಂತಗಳನ್ನು ಬೋಧಿಸುತ್ತೇವೆ. ಪರಿಸರದ ವಿಷಯ ಬಂದಾಗ ಸೌರಶಕ್ತಿ, ಪವನಶಕ್ತಿಗಳು ಶುದ್ಧ ಆಕರಗಳೆಂದು ಹೇಳುತ್ತೇವೆ. ಈ ಎರಡು ವಿಷಯಗಳು ಎಲ್ಲಿ ಕೂಡುತ್ತವೆ ಎಂಬುದನ್ನು ಮಾತ್ರ ತರಗತಿಯಲ್ಲಿ ಹೇಳುವುದು ಕಡಿಮೆ. ಬಿಸಿಲು, ಗಾಳಿ ಪುಕ್ಕಟೆ ಸಿಗುತ್ತವೆ. ಅವನ್ನು ವಿದ್ಯುತ್ತಾಗಿಸುವ ಯಂತ್ರ ಮಾತ್ರ ಭೂಮಿಯಿಂದ ಅಗೆದ ಖನಿಜಗಳಿಂದಲೇ ಆಗಬೇಕು. ಆ ಖನಿಜವನ್ನು ಅಗೆಯಲು, ಶುದ್ಧೀಕರಿಸಲು, ಸಾಗಿಸಲು ನೀರು ಬೇಕು, ಮಳೆಯೂ ಹದವಾಗಿರಬೇಕು. ಹವಾಮಾನ ಕೆಡುತ್ತ ಹೋದರೆ, ಅದನ್ನು ತಡೆಯಬೇಕಾದ ಸಾಧನಗಳನ್ನು ತಯಾರಿಸುವುದೇ ಕಷ್ಟವಾಗುತ್ತದೆ.

ನಾನು ಬೋಧನಾಭ್ಯಾಸ ಮಾಡಿದ್ದು ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ. ಮಕ್ಕಳಲ್ಲಿ ಹೆಚ್ಚಿನವರು ಬೇಸಾಯದ ಮನೆಯವರು. ಈ ವಿಷಯ ಹೇಳುತ್ತಿದ್ದಾಗ ಒಬ್ಬ ಹುಡುಗ ಕೇಳಿದ: “ಮಿಸ್, ಎಲ್ಲೋ ದೂರದ ದೇಶದಲ್ಲಿ ಮಳೆ ಬಂದ್ರೆ ನಮ್ಮಪ್ಪನ ಸೋಲಾರ್ ಪಂಪಿಗೆ ಏನಾಯ್ತದೆ?” ಪಾಠವನ್ನು ಈ ಪ್ರಶ್ನೆಯ ಸುತ್ತಲೇ ಕಟ್ಟಬಹುದು ಎನಿಸಿತು.

ಮೊದಲು ಯಂತ್ರದೊಳಗೆ ಏನಿದೆ ಎಂದು ನೋಡೋಣ. ಸೌರ ಫಲಕದಲ್ಲಿ ಸಿಲಿಕಾನ್, ಬೆಳ್ಳಿ, ತಾಮ್ರ, ಅಲ್ಯೂಮಿನಿಯಂ, ಗಾಜು ಇವೆ. ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಗಳಲ್ಲಿ ಲಿಥಿಯಂ, ಗ್ರಾಫೈಟ್ ಇರುತ್ತವೆ. ಹಲವು ಬಗೆಯವುಗಳಲ್ಲಿ ನಿಕಲ್, ಕೋಬಾಲ್ಟ್ ಸಹ ಇರುತ್ತವೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2021ರ ವರದಿಯಂತೆ, ಒಂದು ಎಲೆಕ್ಟ್ರಿಕ್ ಕಾರಿಗೆ ಸಾಮಾನ್ಯ ಕಾರಿಗಿಂತ ಸುಮಾರು ಆರು ಪಟ್ಟು ಹೆಚ್ಚು ಖನಿಜ ಬೇಕು. ಈ ಖನಿಜಗಳು ಗಣಿಯಿಂದ ನಮ್ಮ ಹೊಲದವರೆಗೆ ಬರುವ ದಾರಿಯೇ ಪೂರೈಕೆ ಸರಪಳಿ. ಅದರ ನಾಲ್ಕು ಕೊಂಡಿಗಳನ್ನು ನಾಲ್ಕು ನಿಜ ಘಟನೆಗಳಿಂದ ವಿವರಿಸಬಹುದು.

ಒಂದು, ನೀರು. ಜಗತ್ತಿನ ತಾಮ್ರದ ಸುಮಾರು ಕಾಲು ಭಾಗ ಚಿಲಿ ದೇಶದಿಂದ ಬರುತ್ತದೆ. ಅದಿರನ್ನು ಪುಡಿ ಮಾಡಿ ಕಲ್ಲುಮಣ್ಣಿನಿಂದ ಬೇರ್ಪಡಿಸಲು ಅಪಾರ ನೀರು ಬೇಕು. ಆದರೆ 2010ರಿಂದ ಚಿಲಿಯ ಮಧ್ಯಭಾಗದಲ್ಲಿ ದೀರ್ಘ ಬರ. ಉತ್ತರದಲ್ಲಿ ಅಟಕಾಮ ಮರುಭೂಮಿ. ಅಲ್ಲಿನ ಎಸ್ಕಾಂಡಿಡ ಗಣಿ ಈಗ ಅಂತರ್ಜಲ ಬಿಟ್ಟು ಸಮುದ್ರದ ನೀರಿನ ಉಪ್ಪು ತೆಗೆದು, 3,000 ಮೀಟರ್‌ಗೂ ಎತ್ತರಕ್ಕೆ ಪಂಪ್ ಮಾಡಿ ಬಳಸುತ್ತದೆ. ಅದಕ್ಕೆ ತಗಲುವ ವಿದ್ಯುತ್ತಿನ ಖರ್ಚು ತಾಮ್ರದ ಮೇಲೆಯೇ ಬೀಳುತ್ತದೆ.

ಎರಡು, ನೆರೆ. ಸಿಲಿಕಾನನ್ನು ಸುಮಾರು 1,414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸುವ ಮೂಸೆಗೆ ಅತಿ ಶುದ್ಧ ಸ್ಫಟಿಕಶಿಲೆಯ ಪುಡಿ ಬೇಕು. ಅದರ ಮುಖ್ಯ ಆಕರ ಅಮೆರಿಕದ ಸ್ಪ್ರೂಸ್ ಪೈನ್ ಎಂಬ ಪುಟ್ಟ ಊರು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತದ ನೆರೆಗೆ ಅಲ್ಲಿನ ಗಣಿಗಳು ನಿಂತುಹೋದವು. ಇದನ್ನು ನಮ್ಮ ಮಕ್ಕಳಿಗೆ ಹೇಳುವುದು ಸುಲಭ. 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಬಳಿ ಮೈಸೂರು–ನಂಜನಗೂಡು ರಸ್ತೆ ಮುಳುಗಿ, ಸಂಚಾರ ನಿಂತದ್ದು ಅವರ ಮನೆಯವರಿಗೆಲ್ಲ ಗೊತ್ತು.

ಮೂರು, ವಿದ್ಯುತ್. ತಾಮ್ರದ ವಿದ್ಯುದ್ವಿಭಜನೀಯ ಶುದ್ಧೀಕರಣ ಪಠ್ಯದಲ್ಲೇ ಇದೆ. ಲಿಥಿಯಂ ಮತ್ತು ಸಿಲಿಕಾನಿನ ಶುದ್ಧೀಕರಣಕ್ಕೂ ವಿದ್ಯುತ್ ಬೇಕು. ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಇಂಥ ಕಾರ್ಖಾನೆಗಳಿವೆ. ಅಲ್ಲಿನ ವಿದ್ಯುತ್ತಿನ ಬಹುಪಾಲು ಜಲವಿದ್ಯುತ್. 2022ರ ಆಗಸ್ಟ್‌ನಲ್ಲಿ ಬರ ಮತ್ತು ಬಿಸಿಗಾಳಿಯಿಂದ ನದಿಗಳು ಇಳಿದಾಗ ಕಾರ್ಖಾನೆಗಳ ವಿದ್ಯುತ್ ಕಡಿತಗೊಳಿಸಲಾಯಿತು. 2023ರ ಬರದಲ್ಲಿ ಜಲಾಶಯಗಳು ತುಂಬದೆ ನಮ್ಮ ರಾಜ್ಯಕ್ಕೂ ವಿದ್ಯುತ್ ಕೊರತೆ ಬಂದಿತ್ತು.

ನಾಲ್ಕು, ಸಾಗಣೆ. ಪನಾಮಾ ಕಾಲುವೆಯ ಹಡಗುಗಳನ್ನು ಎತ್ತಿ ಇಳಿಸುವುದು ಸಿಹಿನೀರಿನ ಕೆರೆಯ ನೀರು. ಮಳೆ ಕೈಕೊಟ್ಟಿದ್ದರಿಂದ ದಿನಕ್ಕೆ ಸುಮಾರು 36ರಷ್ಟು ದಾಟುತ್ತಿದ್ದ ಹಡಗುಗಳ ಸಂಖ್ಯೆಯನ್ನು 2024ರ ಜನವರಿಯ ಹೊತ್ತಿಗೆ 24ಕ್ಕೆ ಇಳಿಸಬೇಕಾಯಿತು.

ಹಾಗಾದರೆ ಖನಿಜ ನಮ್ಮಲ್ಲೇ ಇದ್ದರೆ ಸಾಕಲ್ಲವೇ? ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು ಪರಮಾಣು ಖನಿಜ ನಿರ್ದೇಶನಾಲಯ ಮಾಡಿದೆ ಎಂದು 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಇದನ್ನು ಲೆಕ್ಕವಾಗಿಯೇ ಕೊಡಬಹುದು. ಒಂದು ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಸುಮಾರು 8 ಕಿಲೋಗ್ರಾಂ ಲಿಥಿಯಂ ಎಂದಿಟ್ಟುಕೊಂಡರೆ, 16,00,000 ಕಿಲೋಗ್ರಾಂನಿಂದ 2,00,000 ಕಾರು. ಅದೂ ಪೂರ್ತಿ ಹೊರತೆಗೆಯಲು ಸಾಧ್ಯವಾದರೆ. ಮುಂದಿನ ಪ್ರಶ್ನೆ ಇನ್ನೂ ಮುಖ್ಯ. ಅಲ್ಲಿ ಗಣಿ ತೆರೆದರೆ ಬಂಡೆ ಪುಡಿ ಮಾಡಿ ಖನಿಜ ಬೇರ್ಪಡಿಸಲು ನೀರು ಎಲ್ಲಿಂದ? ಅದು ಕಾವೇರಿ ಕೊಳ್ಳ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷದಲ್ಲಿ ಭತ್ತ, ಕಬ್ಬು, ಕುಡಿಯುವ ನೀರಿನ ಸಾಲಿಗೆ ಗಣಿಯೂ ಬಂದು ನಿಲ್ಲುತ್ತದೆ. ಖನಿಜ ಹತ್ತಿರದಲ್ಲಿದ್ದರೆ ಸಾಗಣೆಯ ಅಪಾಯ ತಗ್ಗಬಹುದು, ನೀರಿನ ಅಪಾಯ ಹಾಗೇ ಉಳಿಯುತ್ತದೆ.

ಈಗ ಹುಡುಗನ ಪ್ರಶ್ನೆಗೆ ಉತ್ತರ. ಈಗಾಗಲೇ ಹಾಕಿಸಿರುವ ಪಂಪಿಗೆ ಏನೂ ಆಗುವುದಿಲ್ಲ. ಡೀಸೆಲ್ ಎಂಜಿನ್ನಿಗೆ ದಿನವೂ ಎಣ್ಣೆ ಬೇಕು. ಪೂರೈಕೆ ನಿಂತರೆ ಎಂಜಿನ್ನೂ ನಿಲ್ಲುತ್ತದೆ. ಸೌರ ಫಲಕಕ್ಕೆ ಖನಿಜ ಬೇಕಾಗುವುದು ತಯಾರಿಸುವಾಗ ಒಂದು ಸಲ. ತೊಂದರೆ ಬರುವುದು ಮುಂದಿನ ಪಂಪಿಗೆ: ಪಕ್ಕದ ಹೊಲದವರು ಕೊಳ್ಳಬೇಕಾದ ಫಲಕದ ಬೆಲೆ ಏರಬಹುದು, ಬರುವುದು ತಡವಾಗಬಹುದು. ಹವಾಮಾನದ ವಿಷಯದಲ್ಲಿ ತಡವಾಗುವುದೇ ನಷ್ಟ. ಈ ವ್ಯತ್ಯಾಸ ಹೇಳದೆ ಹೋದರೆ ಮಕ್ಕಳು ‘ಸೋಲಾರೂ ಪ್ರಯೋಜನವಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಅದು ತಪ್ಪು ತೀರ್ಮಾನ.

ಪರಿಹಾರಗಳನ್ನೂ ಕೊಂಡಿ ಕೊಂಡಿಯಾಗಿಯೇ ಹೇಳಬೇಕು. ಒಂದೇ ಊರನ್ನು ನೆಚ್ಚದೆ ಹಲವು ಕಡೆಯಿಂದ ತರಿಸುವುದು, ಗಣಿಯಲ್ಲಿ ಬಳಸಿದ ನೀರನ್ನೇ ಮತ್ತೆ ಬಳಸುವುದು, ಹಳೆಯ ಬ್ಯಾಟರಿಯಿಂದ ಲೋಹ ಮರಳಿ ಪಡೆಯುವುದು. ಕೊನೆಯದಕ್ಕೆ ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದು.

ಚಟುವಟಿಕೆಗೆ ಒಂದು ಹಗ್ಗ, ಐದು ಚೀಟಿ ಸಾಕು: ಗಣಿ, ಶುದ್ಧೀಕರಣ, ಸಾಗಣೆ, ಕಾರ್ಖಾನೆ, ಹೊಲ. ಐವರು ಮಕ್ಕಳು ಹಗ್ಗ ಬಿಗಿಯಾಗಿ ಹಿಡಿಯಲಿ. ‘ಬರ’, ‘ನೆರೆ’ ಎಂದಾಗ ಆಯಾ ಕೊಂಡಿಯವರು ಕೈಬಿಡಲಿ. ಆಮೇಲೆ ಉಳಿದವರು ಹಗ್ಗವನ್ನು ಮತ್ತೆ ಬಿಗಿ ಮಾಡುವ ಉಪಾಯ ಹೇಳಲಿ. ಮೌಲ್ಯಮಾಪನಕ್ಕೆ ನಾನು ಇಟ್ಟುಕೊಂಡ ಪ್ರಶ್ನೆ: “ಮಂಡ್ಯದ ಲಿಥಿಯಂ ತೆಗೆಯಬೇಕೇ? ನೀರಿನ ಲೆಕ್ಕ ಸೇರಿಸಿ ಉತ್ತರಿಸಿ.” ಇದಕ್ಕೆ ಹೌದು, ಬೇಡ ಎರಡಕ್ಕೂ ಪೂರ್ಣ ಅಂಕ ಕೊಡಬಹುದು, ನೀರಿನ ಲೆಕ್ಕ ಬಿಟ್ಟ ಉತ್ತರಕ್ಕೆ ಮಾತ್ರ ಅಲ್ಲ.