ಮೈದುಂಬಿದರೆಲ್ಲ ಕಾಯಿಲೆಯೇ?

ಮನೆಯಲ್ಲೊಬ್ಬರು ನಿದ್ದೆಗೆಟ್ಟು ತಮ್ಮಷ್ಟಕ್ಕೇ ಮಾತನಾಡತೊಡಗಿದರೆ ನೀವು ಮೊದಲು ಎಲ್ಲಿಗೆ ಕರೆದೊಯ್ಯುತ್ತೀರಿ? ಗೋವಿನಕೋವಿ ಕಡೆಯಿಂದ ಬರುವ ಎಷ್ಟೋ ಮಂದಿ ಹರಕೆ, ತಾಯತ ಮುಗಿಸಿಯೇ ನನ್ನ ಬಳಿ ಬರುತ್ತಾರೆ. ಬೈಯಲಾರೆ. ಮಾನವಶಾಸ್ತ್ರವನ್ನೂ ಬಲ್ಲ ಮನೋವೈದ್ಯ ಕಾರ್‌ಸ್ಟೇರ್ಸ್, ಆರ್.ಎಲ್. ಕಪೂರ್ ಜತೆಗೂಡಿ ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರರ ನಡುವೆ ಅಧ್ಯಯನ ನಡೆಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಅಲ್ಲಿಯ ಜನರೂ ಪಾತ್ರಿ, ಮಂತ್ರವಾದಿ, ಡಾಕ್ಟರು ಎಲ್ಲರ ಬಾಗಿಲನ್ನೂ ತಟ್ಟುತ್ತಿದ್ದರು.

ಜಾತ್ರೆಯಲ್ಲಿ ಗಳಿಗೆ ಹೊತ್ತು ಮೈದುಂಬಿ, ಮರುದಿನ ಎಂದಿನಂತೆ ಹೊಲಕ್ಕೆ ಹೋಗುವವರಿಗೆ ಔಷಧಿ ಬೇಕಿಲ್ಲ. ವಾರಗಟ್ಟಲೆ ಊಟ, ಕೆಲಸ ಬಿಟ್ಟವರಿಗೆ ಬೇಕು. ಹರಕೆ ಧಾರಾಳವಾಗಿ ತೀರಿಸಿ. ಯಾರೋ ಹೇಳಿದರೆಂದು ಮಾತ್ರೆ ಮಾತ್ರ ನಿಲ್ಲಿಸಬೇಡಿ. ಸಾಯುವ ಮಾತಾಡಿದರಂತೂ ಅಮಾವಾಸ್ಯೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ರಾತ್ರಿಯಾದರೆ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ.