ಗಾಳದ ರೀಲಿನ ಆರೈಕೆ: ಎಲ್ಲಿ ಎಣ್ಣೆ, ಎಲ್ಲಿ ಗ್ರೀಸು?

ಗಾಡಿ ಹೂಡುವ ಮೊದಲು ಅಚ್ಚಿಗೆ ಎಣ್ಣೆ ಸವರಬೇಕು, ಉಳುಮೆ ಮುಗಿದ ಮೇಲೆ ನೇಗಿಲಿನ ಮಣ್ಣು ತೊಳೆದು ಒರಗಿಸಿಡಬೇಕು ಎಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಡಕೆ ಮರಕ್ಕೆ ಮದ್ದು ಬಿಡುವ ಪಂಪನ್ನು ಕೆಲಸ ಮುಗಿದೊಡನೆ ತೊಳೆಯದಿದ್ದರೆ ಮೈಲುತುತ್ತು ಅದರ ಕಬ್ಬಿಣವನ್ನು ತಿಂದುಹಾಕುವುದೆಂಬುದು ಇಂದಿನ ಕೃಷಿಕರಿಗೂ ಚೆನ್ನಾಗಿ ತಿಳಿದಿದೆ. ಆದರೆ ತೋಟದ ಕೆಲಸ ಮುಗಿಸಿ ಸಂಜೆ ಹೊಳೆಬದಿಗೆ ಒಯ್ಯುವ ಗಾಳದ ರೀಲಿನ ವಿಷಯದಲ್ಲಿ ಮಾತ್ರ ಈ ತಿಳಿವಳಿಕೆ ನಮ್ಮಲ್ಲಿ ಇನ್ನೂ ಸಾಲದು. ಇದೂ ಒಂದು ಯಂತ್ರವೇ. ಹಲವು ದಿನಗಳ ಸಂಪಾದನೆಯನ್ನು ಕೊಟ್ಟು ತಂದ ಈ ಯಂತ್ರ ಎರಡೇ ವರ್ಷಗಳಲ್ಲಿ ಮೂಲೆ ಸೇರುವುದನ್ನು ಅನೇಕ ಮನೆಗಳಲ್ಲಿ ಕಾಣುತ್ತೇವೆ.

ಕಳೆದ ಸೋಣ ತಿಂಗಳಲ್ಲಿ ನೆರೆಯ ಕೃಷಿಕರೊಬ್ಬರು ಬಟ್ಟೆಯಲ್ಲಿ ಸುತ್ತಿದ ರೀಲೊಂದನ್ನು ತಂದು ಜಗಲಿಯಲ್ಲಿಟ್ಟರು. “ಮಾಷ್ಟ್ರೇ, ಮಗ ಗಲ್ಫಿನಿಂದ ಮೊದಲ ಸಲ ಊರಿಗೆ ಬಂದಾಗ ತಂದುಕೊಟ್ಟದ್ದು. ಈಗ ತಿರುಗುವುದೇ ಇಲ್ಲ. ಪೇಟೆಯಲ್ಲಿ ತೋರಿಸಿದರೆ, ಬಿಸಾಡಿ ಹೊಸತು ತೆಗೆದುಕೊಳ್ಳಿ ಅಂತಾರೆ. ನನಗೆ ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ” ಎಂದರು. ವಿಚಾರಿಸಿ ನೋಡಿದರೆ ಅವರು ಅದನ್ನು ಅಲಕ್ಷಿಸಿದವರಲ್ಲ. ಬೇಸಗೆಯುದ್ದಕ್ಕೂ ಅಳಿವೆಯಿಂದ ಬಂದೊಡನೆ ತೋಟದ ಪೈಪಿನ ನೀರನ್ನು ರಭಸವಾಗಿ ಬಿಟ್ಟು ತೊಳೆದಿದ್ದರು. ಮಳೆ ಹಿಡಿಯುವ ಮುನ್ನ ಕೀಲುಕೀಲಿಗೂ ತೆಂಗಿನೆಣ್ಣೆ ಹೊಯ್ದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ ಅಟ್ಟದ ಮೇಲಿಟ್ಟಿದ್ದರು. ಪ್ರೀತಿಯಿಂದ ಮಾಡಿದ ಈ ಮೂರು ಕೆಲಸಗಳೇ ರೀಲನ್ನು ಕೆಡಿಸಿದ್ದವು. ಏಕೆಂಬುದನ್ನು ತಿಳಿಯಬೇಕಾದರೆ ಮೊದಲು ರೀಲಿನ ರಚನೆಯನ್ನು ಸ್ವಲ್ಪ ನೋಡಬೇಕು.

ರೀಲಿನ ರಚನೆ

ನಮ್ಮ ಕಡೆ ಹೆಚ್ಚಾಗಿ ಬಳಕೆಯಲ್ಲಿರುವುದು ಕೋಲಿನ ಅಡಿಗೆ ತೂಗುವ ಜಾತಿಯ ರೀಲು. ಈ ಬಗೆಯ ರೀಲಿಗೆ ೧೯೦೫ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದ ಜವಳಿ ಉದ್ಯಮಿ ಆಲ್ಫ್ರೆಡ್ ಇಲಿಂಗ್‌ವರ್ತ್. ಮಗ್ಗದ ಲಾಳಿಯೊಳಗಿನ ಕಂಡಿಕೆ ತಾನು ತಿರುಗದೆ ತುದಿಯಿಂದ ನೂಲನ್ನು ಜಾರಿಬಿಡುವುದನ್ನು ನೇಕಾರಿಕೆ ಬಲ್ಲವರು ನೋಡಿರುತ್ತಾರೆ. ಇಲ್ಲಿಯೂ ಹಾಗೆಯೇ. ಗಾಳವನ್ನು ಬೀಸಿದಾಗ ಉರುಳೆ ಅಲುಗುವುದಿಲ್ಲ, ದಾರ ಮಾತ್ರ ತುದಿಯಿಂದ ಜಾರಿ ಹೋಗುತ್ತದೆ. ಹಿಡಿಯನ್ನು ತಿರುಗಿಸಿದಾಗ ಉರುಳೆಯ ಸುತ್ತಲಿರುವ ಬಟ್ಟಲಿನಂತಹ ಭಾಗ ತಿರುಗಿ ದಾರವನ್ನು ಮತ್ತೆ ಸುತ್ತುತ್ತದೆ.

ಹಿಡಿಗೆ ಜೋಡಿಸಿದ ದೊಡ್ಡ ಹಲ್ಲುಚಕ್ರವೊಂದು ಚಿಕ್ಕ ಹಲ್ಲುಚಕ್ರವೊಂದನ್ನು ತಿರುಗಿಸುತ್ತದೆ. ಚಿಕ್ಕದು ಸಾಮಾನ್ಯವಾಗಿ ಹಿತ್ತಾಳೆಯದು. ಹಿಡಿ ಒಂದು ಸುತ್ತು ಬಂದರೆ ಬಟ್ಟಲು ಐದು ಸುತ್ತಿಗಿಂತಲೂ ಹೆಚ್ಚು ತಿರುಗುವುದುಂಟು. ಆದುದರಿಂದ ಒಳಹೊಕ್ಕ ಒಂದು ಮರಳಿನ ಕಣ ಮಾಡುವ ಸವೆತವೂ ಅಷ್ಟೇ ಬೇಗ ಬೆಳೆಯುತ್ತದೆ. ದಾರವು ಮಡಚಿ ಉರುಳೆಯತ್ತ ತಿರುಗುವ ಕಡೆ ಒಂದು ಪುಟ್ಟ ರೋಲರು ಇದೆ. ಇದು ಉಪ್ಪು ಹಿಡಿದು ನಿಂತುಹೋದರೆ ದಾರ ಒಂದೇ ಜಾಗದಲ್ಲಿ ಉಜ್ಜುತ್ತಾ ಹೋಗಿ, ದೊಡ್ಡ ಮೀನು ಸಿಕ್ಕಿದ ದಿನವೇ ಕಡಿಯುತ್ತದೆ. ದಾರ ಹಳೆಯದಾಯಿತೆಂದು ಜನರು ದೂರುವುದು. ತಪ್ಪು ಮಾತ್ರ ರೋಲರಿನದು.

ಇನ್ನೆರಡು ಭಾಗಗಳನ್ನು ಗುರುತಿಸಿಕೊಳ್ಳಬೇಕು. ಉರುಳೆಯ ನೆತ್ತಿಯಲ್ಲಿರುವ ತಿರುಪಿನ ಅಡಿಯಲ್ಲಿ ವಾಶರುಗಳ ಒಂದು ಅಟ್ಟಿಯಿದೆ. ಮೀನು ಬಲವಾಗಿ ಎಳೆದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ಈ ತಡೆಗೆ ಡ್ರ್ಯಾಗ್ ಎಂದು ಹೆಸರು. ಹಿಡಿ ಹಿಂದಕ್ಕೆ ತಿರುಗದಂತೆ ತಡೆಯುವ, ಒಂದೇ ದಿಕ್ಕಿಗೆ ಓಡುವ ಬೇರಿಂಗು ಇನ್ನೊಂದು.

ಉಪ್ಪಿನ ಕೆಲಸ

ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಂ ಉಪ್ಪು ಇರುತ್ತದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ, ಮತ್ತು ಗಾಳಿಯ ತೇವವನ್ನು ಎಳೆದುಕೊಂಡು ಪುನಃ ಒದ್ದೆಯಾಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಆಟಿಯಲ್ಲಿ ನೀರೊಡೆಯುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೀಲಿನಲ್ಲಿ ಉಕ್ಕು, ಹಿತ್ತಾಳೆ, ಅಲ್ಯುಮಿನಿಯಂ ಒಂದಕ್ಕೊಂದು ತಾಗಿಕೊಂಡಿವೆ. ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದು ಒಂದು ಸಣ್ಣ ಬ್ಯಾಟರಿಯಂತೆಯೇ ಕೆಲಸ ಮಾಡಿ, ಅವುಗಳಲ್ಲಿ ರಾಸಾಯನಿಕವಾಗಿ ಹೆಚ್ಚು ಕ್ರಿಯಾಶೀಲವಾದ ಲೋಹವನ್ನು ಕರಗಿಸುತ್ತದೆ. ಅಲ್ಯುಮಿನಿಯಂ ಬಿಳಿಯ ಹುಡಿಯಾಗುವುದು ಹೀಗೆ.

“ನಾನು ಗಾಳ ಹಾಕುವುದು ಹೊಳೆಯಲ್ಲಿ, ಕಡಲಿನಲ್ಲಲ್ಲ” ಎಂದು ಸಮಾಧಾನ ಪಟ್ಟುಕೊಳ್ಳುವುದು ಸರಿಯಲ್ಲ. ಬೇಸಗೆಯಲ್ಲಿ ಹರಿವು ತಗ್ಗಿದಾಗ ಚಂದ್ರಗಿರಿ, ಶಿರಿಯ ಮೊದಲಾದ ನಮ್ಮ ಹೊಳೆಗಳಲ್ಲಿ ಉಪ್ಪುನೀರು ಬಹಳ ಮೇಲಕ್ಕೆ ಏರಿ ಬರುತ್ತದೆ. ಗದ್ದೆ ತೋಟಗಳಿಗೆ ಅದು ನುಗ್ಗದಂತೆ ಕಟ್ಟ ಕಟ್ಟುವ ಕೃಷಿಕನೇ ರೀಲಿನ ವಿಷಯದಲ್ಲಿ ಅದನ್ನು ಮರೆಯಬಾರದು. ಸಂದೇಹವಿದ್ದರೆ ನೀರನ್ನು ನಾಲಗೆಗೆ ಸೋಕಿಸಿ ನೋಡಿದರಾಯಿತು.

ತೊಳೆಯುವ ಕ್ರಮ

ಉಪ್ಪುನೀರಿನಿಂದ ಬಂದ ದಿನವೇ ಈ ಕೆಲಸ ಆಗತಕ್ಕದ್ದು. ಮೊದಲು ಡ್ರ್ಯಾಗಿನ ತಿರುಪನ್ನು ಪೂರ್ತಿ ಬಿಗಿಮಾಡಬೇಕು. ಇದರಿಂದ ವಾಶರುಗಳ ನಡುವೆ ನೀರು ಹೋಗುವುದು ತಪ್ಪುತ್ತದೆ. ಬಳಿಕ ಬಾವಿಯ ಸಿಹಿನೀರನ್ನು ಚೊಂಬಿನಿಂದ ಅಥವಾ ಹೂಗಿಡಕ್ಕೆ ನೀರು ಚಿಮುಕಿಸುವ ಡಬ್ಬಿಯಿಂದ ಮೆಲ್ಲಗೆ ಹಾಕಿ ಒಂದು ನಿಮಿಷ ತೊಳೆದರೆ ಸಾಕು. ಕಡಲಬದಿಯ ಕೆಲವು ಬಾವಿಗಳ ನೀರು ಮೇ ತಿಂಗಳಲ್ಲಿ ಉಪ್ಪಾಗುವುದುಂಟು. ಅಂತಹ ನೀರು ಬೇಡ. ಪೈಪಿನ ರಭಸದ ನೀರು ಹೊರಗಿನ ಉಪ್ಪನ್ನೂ ಮರಳನ್ನೂ ಸಂದಿಗಳ ಮೂಲಕ ಒಳಕ್ಕೆ ತಳ್ಳುತ್ತದೆ. ಬಕೇಟಿನಲ್ಲಿ ಮುಳುಗಿಸುವುದೂ ಅಷ್ಟೇ ಕೆಟ್ಟದ್ದು.

ತೊಳೆದ ಮೇಲೆ ಮೆತ್ತಗಿನ ಬಟ್ಟೆಯಿಂದ ಒರಸಿ, ಡ್ರ್ಯಾಗನ್ನು ಸಡಿಲಿಸಿ, ಉರುಳೆಯನ್ನು ಕಳಚಬೇಕು. ದಾರದ ಸುತ್ತುಗಳ ನಡುವೆ ಉಳಿಯುವ ಉಪ್ಪು ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ದಾರವಿರುವ ಭಾಗಕ್ಕೆ ಮಾತ್ರ ಇನ್ನೊಂದು ಚೊಂಬು ನೀರು ಹೊಯ್ಯಬಹುದು. ರೀಲನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಲು ಇಡಬೇಕು. ಡ್ರ್ಯಾಗನ್ನು ಸಡಿಲವಾಗಿಯೇ ಬಿಟ್ಟಿರಬೇಕು. ಬಿಗಿಯಾಗಿಟ್ಟರೆ ವಾಶರುಗಳು ಒತ್ತಿ ಕೂತು, ಮುಂದಿನ ಸಲ ದಾರ ಎಳೆಎಳೆದು ಬರುತ್ತದೆ.

ಎಣ್ಣೆಯೇ, ಗ್ರೀಸೇ?

ಗ್ರೀಸೆಂದರೆ ಸಾಬೂನಿನಂತಹ ದಪ್ಪ ಪದಾರ್ಥದಲ್ಲಿ ಹಿಡಿದಿಟ್ಟ ಎಣ್ಣೆ. ಅದು ಹರಿಯದೆ ಹಚ್ಚಿದಲ್ಲಿಯೇ ನಿಲ್ಲುತ್ತದೆ. ಹಲ್ಲಿಗೆ ಹಲ್ಲು ಒತ್ತಿ ಜಾರುವ ಚಕ್ರಗಳಿಗೆ ಇದೇ ಬೇಕು. ಬರಿಯ ಎಣ್ಣೆ ತೆಳ್ಳಗೆ ಹರಿದು ಸಣ್ಣ ಸಂದಿಗಳನ್ನು ಮುಟ್ಟುತ್ತದೆ. ಹಗುರವಾಗಿ, ವೇಗವಾಗಿ ತಿರುಗುವ ಬೇರಿಂಗು ಮತ್ತು ರೋಲರುಗಳಿಗೆ ಇದು ಹೊಂದುತ್ತದೆ. ಚಕ್ರಕ್ಕೆ ಎಣ್ಣೆ ಹಾಕಿದರೆ ಬೇಗನೆ ಹರಿದುಹೋಗಿ ಲೋಹ ಬರಿದಾಗುತ್ತದೆ. ರೋಲರಿಗೆ ಗ್ರೀಸು ತುಂಬಿದರೆ ಅದು ಭಾರವಾಗಿ ಧೂಳನ್ನೂ ಹಿಡಿದುಕೊಳ್ಳುತ್ತದೆ.

ಎಣ್ಣೆಗಾಗಿ ಪೇಟೆಗೆ ಓಡಬೇಕಾಗಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಉತ್ತಮವಾಗಿ ಕೆಲಸಕ್ಕೆ ಬರುತ್ತದೆ. ನಾಲ್ಕೈದು ಸಲ ಗಾಳ ಹಾಕಿದ ಮೇಲೆ ದಾರದ ರೋಲರಿಗೆ, ದಾರ ಹಿಡಿಯುವ ಕಮಾನು ತಂತಿಯ ಎರಡು ಕೀಲುಗಳಿಗೆ, ಹಿಡಿಯ ಗುಬುಟಿಗೆ, ಮತ್ತು ಉರುಳೆಯನ್ನು ಹೊರುವ ನಡುವಣ ಕಡ್ಡಿಗೆ ತಲಾ ಒಂದು ಹನಿ ಬಿಡತಕ್ಕದ್ದು. ಸೂಜಿಯ ಮೊನೆಯಿಂದ ಇಳಿಯುವ ಹನಿಯೆಂದು ತಿಳಿಯಬೇಕು. ಹೆಚ್ಚಾದುದನ್ನು ಒರಸಿ ತೆಗೆಯಬೇಕು.

ತೆಂಗಿನೆಣ್ಣೆ ಕೂಡದು. ಕೂದಲಿಗೆ, ಒಗ್ಗರಣೆಗೆ ಅದು ಎಷ್ಟು ಒಳ್ಳೆಯದಾದರೂ ಯಂತ್ರದೊಳಗೆ ಗಾಳಿ ತಾಗಿ ಕನರಿ, ಅಂಟಿನಂತಾಗುತ್ತದೆ. ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ವಯನಾಡಿನಲ್ಲಾಗಲಿ ನೀಲಗಿರಿಯಲ್ಲಾಗಲಿ ಮುಂಜಾನೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ರೀಲಿನೊಳಗೂ ಹಾಗೆಯೇ ಕೂರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಯನ್ನೂ ಎಣ್ಣೆಯೆಂದು ಭಾವಿಸಬಾರದು. ಅದು ತುಕ್ಕನ್ನು ಸಡಿಲಿಸುವುದು ನಿಜ. ಜೊತೆಗೆ ಒಳಗಿನ ಗ್ರೀಸನ್ನೂ ತೊಳೆದುಕೊಂಡು ಹೋಗಿ, ತಾನೂ ಬಹುಪಾಲು ಆರಿಹೋಗುತ್ತದೆ.

ಎರಡು ಕಡೆ ಕೈ ಬಿಗಿಹಿಡಿಯಬೇಕು. ಒಂದೇ ದಿಕ್ಕಿಗೆ ಓಡುವ ಬೇರಿಂಗಿಗೆ ಗ್ರೀಸು ತಾಗಬಾರದು. ಅದರೊಳಗಿನ ಸಣ್ಣ ಕಡ್ಡಿಗಳು ಜಾರಿದರೆ, ಮೀನು ಎಳೆದಾಗ ಹಿಡಿ ಹಿಂದಕ್ಕೆ ತಿರುಗಿ ಬೆರಳಿಗೆ ಹೊಡೆಯುತ್ತದೆ. ಡ್ರ್ಯಾಗಿನ ವಾಶರುಗಳಿಗೂ ಸಿಕ್ಕಿದ ಎಣ್ಣೆಯನ್ನು ಹಾಕಕೂಡದು. ತಯಾರಕರು ಹೇಳಿದ ಡ್ರ್ಯಾಗ್ ಗ್ರೀಸು ಸಿಕ್ಕಿದರೆ ತೆಳುವಾಗಿ ಸವರುವುದು, ಇಲ್ಲವಾದರೆ ಇದ್ದ ಹಾಗೆ ಬಿಡುವುದು ಲೇಸು.

ವರ್ಷಕ್ಕೊಮ್ಮೆ ಬಿಚ್ಚುವುದು

ಉಪ್ಪುನೀರಿನಲ್ಲಿ ದುಡಿದ ರೀಲನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಬಿಚ್ಚಿ ನೋಡುವುದು ಒಳ್ಳೆಯದು. ಹೊಸ ರೀಲಾದರೆ ಖಾತರಿಯ ಅವಧಿ ಮುಗಿಯುವ ತನಕ ತಾವೇ ಬಿಚ್ಚಬಾರದು.

ಅಗಲವಾದ ತಟ್ಟೆಯಲ್ಲಿ ಬಿಳಿಯ ಬಟ್ಟೆ ಹಾಸಿ, ತಿರುಪಿನ ತಲೆಗೆ ಸರಿಹೊಂದುವ ತಿರುಪುಳಿಯನ್ನೇ ಹಿಡಿಯಬೇಕು. ಕಳಚಿದ ಭಾಗಗಳನ್ನು ಕಳಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಸಾಲಾಗಿಡಬೇಕು. ಪ್ರತಿಯೊಂದು ಹಂತದಲ್ಲಿಯೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಜೋಡಿಸುವಾಗ ತಲೆ ಕೆರೆದುಕೊಳ್ಳುವ ಪ್ರಸಂಗ ಬಾರದು. ಹಿಡಿಯ ತಿರುಪುಗಳಲ್ಲಿ ಕೆಲವು ವಾಡಿಕೆಗೆ ವಿರುದ್ಧ ದಿಕ್ಕಿಗೆ ಸಡಿಲುತ್ತವೆ. ಬಲಪ್ರಯೋಗ ಮಾಡುವ ಮೊದಲು ಎರಡೂ ಕಡೆಗೆ ಮೆಲ್ಲಗೆ ತಿರುಗಿಸಿ ನೋಡಬೇಕು. ದೊಡ್ಡ ಚಕ್ರದ ಬದಿಗಳಲ್ಲಿ ಕಾಗದದಷ್ಟು ತೆಳುವಾದ ವಾಶರುಗಳು ಇರಬಹುದು. ಇವು ಹಳೆಯ ಗ್ರೀಸಿಗೆ ಅಂಟಿಕೊಂಡಿರುತ್ತವೆ. ಒಂದು ಕಳೆದುಹೋದರೂ ಚಕ್ರಗಳು ಸರಿಯಾಗಿ ಕೂಡದೆ ಗರಗರ ಸದ್ದು ಮಾಡುತ್ತವೆ. ಕಮಾನು ತಂತಿಯ ಸ್ಪ್ರಿಂಗು ಹಾರಿಹೋಗುವ ಜಾತಿಯದು. ಅಗತ್ಯವಿಲ್ಲದಿದ್ದರೆ ಅದನ್ನು ಮುಟ್ಟದಿರುವುದೇ ಜಾಣತನ.

ಲೋಹದ ಭಾಗಗಳ ಹಳೆಯ ಗ್ರೀಸನ್ನು, ನಮ್ಮಲ್ಲಿ ಚಿಮಿಣಿ ಎಣ್ಣೆಯೆನ್ನುವ ಸೀಮೆಎಣ್ಣೆಯಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಅದ್ದಿ ಉಜ್ಜಿ ತೆಗೆಯಬಹುದು. ಒಲೆಯ ಹತ್ತಿರ ಈ ಕೆಲಸ ಬೇಡ. ಸೀಮೆಎಣ್ಣೆ ಸಿಗದಿದ್ದರೆ ಪಾತ್ರೆ ತೊಳೆಯುವ ಸಾಬೂನು ಹಾಕಿದ ಬೆಚ್ಚಗಿನ ನೀರೂ ಆಗುತ್ತದೆ. ಪ್ಲಾಸ್ಟಿಕ್ ಭಾಗಗಳಿಗೂ ಡ್ರ್ಯಾಗಿನ ವಾಶರುಗಳಿಗೂ ಸೀಮೆಎಣ್ಣೆ ತಾಗಿಸಬಾರದು. ಎಲ್ಲವೂ ಚೆನ್ನಾಗಿ ಒಣಗಿದ ಮೇಲೆ ಚಕ್ರದ ಹಲ್ಲುಗಳಿಗೆ ಸಣ್ಣ ಕುಂಚದಿಂದ ಗ್ರೀಸು ಹಚ್ಚಬೇಕು. ನೀರು ತಾಳುವ, ದೋಣಿಯ ಯಂತ್ರಗಳಿಗೆ ಬಳಸುವ ಗ್ರೀಸಾದರೆ ಉತ್ತಮ. ಹಚ್ಚಿದ ಮೇಲೆ ಹಲ್ಲುಗಳ ಆಕಾರ ಕಾಣುತ್ತಿರಬೇಕು. ಕಾಣದಷ್ಟು ಮೆತ್ತಿದರೆ ಅದು ಹೆಚ್ಚಾಯಿತು. ಬೇರಿಂಗನ್ನು ಬೆರಳಿನಲ್ಲಿ ತಿರುಗಿಸಿದಾಗ ಮರಳು ತುಂಬಿದಂತೆ ತೋರಿದರೆ ಅದನ್ನು ಬದಲಿಸಬೇಕು. ಅದೇ ಅಳತೆಯ ಬೇರಿಂಗು ಬೇರೆಯಾಗಿಯೂ ಸಿಗುತ್ತದೆ.

ವಯನಾಡು, ನೀಲಗಿರಿಗಳಲ್ಲಿ ಸಿಹಿನೀರಿನಲ್ಲಿಯೇ ಗಾಳ ಹಾಕುವ ವಾಚಕರಿಗೆ ಉಪ್ಪಿನ ಕಾಟವಿಲ್ಲ. ಅಲ್ಲಿಯ ಶತ್ರು ಮರಳು ಮತ್ತು ಕೆಸರು. ರೀಲನ್ನು ದಡದ ಮಣ್ಣಿನ ಮೇಲೆ ಮಲಗಿಸದಿರುವುದು, ಬಂದ ಮೇಲೆ ಒದ್ದೆ ಬಟ್ಟೆಯಿಂದ ಒರಸುವುದು, ಹನಿ ಎಣ್ಣೆಯ ಕ್ರಮವನ್ನು ತಪ್ಪಿಸದಿರುವುದು, ಇಷ್ಟು ಮಾಡಿದರೆ ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿದರೂ ಸಾಕಾದೀತು.

ಮಳೆಗಾಲದಲ್ಲಿ ಎತ್ತಿಡುವ ರೀಲನ್ನು ಚೆನ್ನಾಗಿ ಒಣಗಿಸಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಕಡೆ ತೂಗಹಾಕಬೇಕು. ಪ್ಲಾಸ್ಟಿಕ್ ಚೀಲ ಹೊರಗಿನ ನೀರನ್ನು ತಡೆಯುವಂತೆ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಹಿಡಿಯನ್ನು ನಾಲ್ಕು ಸುತ್ತು ತಿರುಗಿಸಿಡುವುದು ಒಳ್ಳೆಯದು.

ನೆರೆಯವರ ರೀಲನ್ನು ಬಿಚ್ಚಿದಾಗ ಒಳಗೆ ಕಂಡದ್ದು ಮೇಣದಂತಾದ ತೆಂಗಿನೆಣ್ಣೆ, ಅದರಲ್ಲಿ ಹುದುಗಿದ ಮರಳು, ಗೂಡಿನ ಒಂದು ಮೂಲೆಯಲ್ಲಿ ಬಿಳಿಯ ಹುಡಿ. ಹಲ್ಲುಚಕ್ರಗಳು ಪುಣ್ಯಕ್ಕೆ ಸರಿಯಾಗಿದ್ದವು. ತುಕ್ಕು ಹಿಡಿದ ಒಂದು ಬೇರಿಂಗನ್ನು ಬದಲಿಸಿ, ಉಳಿದುದನ್ನೆಲ್ಲ ತೊಳೆದು ಜೋಡಿಸಲು ಎರಡು ಸಂಜೆಗಳು ಬೇಕಾದವು. ಮೂರನೆಯ ಸಂಜೆ ಅವರು ಹಿಡಿಯನ್ನು ತಿರುಗಿಸಿ ನೋಡಿ, ಏನೂ ಹೇಳದೆ ಮತ್ತೊಮ್ಮೆ ತಿರುಗಿಸಿದರು. ಈಗ ಅವರ ಮನೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಕುಪ್ಪಿಯೊಂದು ಗಾಳದ ಕೋಲಿನ ಬದಿಯಲ್ಲಿಯೇ ತೂಗುತ್ತಿದೆ. ವಾಚಕರೂ ಈ ಸಲ ಮಳೆ ಹಿಡಿಯುವ ಮುನ್ನ ಒಂದು ಬಿಡುವಿನ ದಿನವನ್ನು ಇದಕ್ಕಾಗಿ ತೆಗೆದಿಟ್ಟರೆ, ಕೈಯಲ್ಲಿರುವ ರೀಲು ಇನ್ನೂ ಅನೇಕ ವರ್ಷ ಕೆಲಸಕ್ಕೆ ಬರುವುದರಲ್ಲಿ ಸಂದೇಹವಿಲ್ಲ.