ಬ್ರೇಕಿನೊಳಗಣ ಗಾಳಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಾದಿಯಲ್ಲಿ ಮೋಟಾರಿನಲ್ಲಿ ಹೋದವರಿಗೆ ಆ ನೆಲದ ಸ್ವಭಾವ ತಿಳಿದೇ ಇರುವುದು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ನಡುವೆ ಕಣ್ಣು ಹಾಯುವವರೆಗೂ ಎರೆಯ ಬಯಲು. ಇಂಥ ಸಮನೆಲದಲ್ಲಿ ಗಾಡಿಯ ಬ್ರೇಕು ಕೆಟ್ಟಿದ್ದರೂ ಅದು ಬೇಗ ಹೊರಬೀಳುವುದಿಲ್ಲ. ಕಾಲಿಟ್ಟರೆ ಪೆಡಲು ಹತ್ತಿಯ ದಿಂಬಿನಂತೆ ತಗ್ಗುತ್ತದೆ, ಚಾಲಕನು ಎರಡನೆಯ ಸಲ ಒತ್ತುತ್ತಾನೆ, ಗಾಡಿ ನಿಲ್ಲುತ್ತದೆ. ನಾಲ್ಕು ದಿನದಲ್ಲಿ ಅದೇ ರೂಢಿಯಾಗುತ್ತದೆ. ಆದರೆ ಅದೇ ಗಾಡಿಯು ಇಂಡಿಯ ನಿಂಬೆಹಣ್ಣನ್ನು ಹೇರಿಕೊಂಡು ಗೋವೆಯ ಕಡೆಗೆ ಅನಮೋಡ ಘಟ್ಟವನ್ನಿಳಿಯುವಾಗ, ಎರಡನೆಯ ಸಲ ಒತ್ತಲು ಸಮಯವೇ ದೊರೆಯದೆ ಹೋಗಬಹುದು.

ಪೆಡಲು ಹೀಗೆ ಮೆತ್ತಗಾಗಲು ಕಾರಣವೇನು? ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಪಂಡಿತನು ತೋರಿಸಿದನು. ಇದನ್ನೇ ನಂಬಿ 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಾರು ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕನ್ನು ತೊಟ್ಟು ಮಾರುಕಟ್ಟೆಗೆ ಬಂದಿತು. ದ್ರವವು ಕುಗ್ಗದು, ಗಾಳಿ ಕುಗ್ಗುವುದು. ಕೊಳವೆಯೊಳಗೆ ಗಾಳಿ ಸೇರಿದರೆ ನಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಚುಕುವುದರಲ್ಲೇ ವ್ಯಯವಾಗುತ್ತದೆ.

ನೀರಿನ ತೊಂದರೆಯೂ ಉಂಟು. ಸಾಮಾನ್ಯ ಬ್ರೇಕ್ ದ್ರವವು ಹವೆಯಿಂದ ತೇವವನ್ನು ಹೀರುವಂಥದು. ಡಾಟ್ 3 ಎಂಬ ದ್ರವವು ಹೊಸದಾಗಿರುವಾಗ 205 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಬಾರದೆಂಬುದು ನಿಯಮ; ಸುಮಾರು ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಬ್ರೇಕು ಕಾದಾಗ ದ್ರವ ಕುದಿದು ಆವಿಯಾದರೆ, ಆವಿಯೂ ಗಾಳಿಯಂತೆಯೇ ಕುಗ್ಗುವುದು. ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಬೇಕೆಂದು ಹೇಳುವುದು ಇದಕ್ಕಾಗಿ.

ಗಾಳಿಯನ್ನು ತೆಗೆಯಲು ಇಬ್ಬರು ಬೇಕು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಮೇಲಣ ದ್ರವಪಾತ್ರೆಯನ್ನು ತುಂಬಿಸತಕ್ಕದ್ದು. ಮುಖ್ಯ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ. ಸ್ಟಿಯರಿಂಗ್ ಬಲಕ್ಕಿರುವ ನಮ್ಮ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಎಡಚಕ್ರ. ಕ್ರಮವು ಬೇರೆಯಿದ್ದರೆ ಗಾಡಿಯ ಕೈಪಿಡಿಯ ಮಾತೇ ಮಾನ್ಯ. ಚಕ್ರದ ಬ್ರೇಕಿನ ಮೇಲ್ಗಡೆ ಒಂದು ಸಣ್ಣ ನಿಪ್ಪಲ್ ಇರುತ್ತದೆ. ಗಾಳಿ ಮೇಲೇರುವುದರಿಂದ ಅದರ ಸ್ಥಾನ ಅಲ್ಲಿ. ಅದಕ್ಕೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಸೀಸೆಯಲ್ಲಿ ಮುಳುಗಿಸಬೇಕು.

ಒಬ್ಬನು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿದು "ಒತ್ತಿದೆ" ಎನ್ನುವನು. ಇನ್ನೊಬ್ಬನು ನಿಪ್ಪಲನ್ನು ಕಾಲು ಸುತ್ತು ಬಿಚ್ಚುವನು. ದ್ರವದೊಡನೆ ಗುಳ್ಳೆಗಳು ಹೊರಬರುವುವು. ಮತ್ತೆ ಬಿಗಿದು "ಬಿಡು" ಎನ್ನುವನು. ಆಮೇಲೆಯೇ ಕಾಲೆತ್ತುವುದು. ಮೊದಲ ಸಲ ನಾವು ಈ ಕೆಲಸಕ್ಕೆ ಕೈಹಾಕಿದಾಗ ಮಾತಿನ ಒಪ್ಪಂದವಿರಲಿಲ್ಲ. ಪೆಡಲಿನ ಮೇಲಿದ್ದ ಗೆಳೆಯರು ಮಾತನಾಡುತ್ತ ಕಾಲೆತ್ತಿದರು. ಕೊಳವೆಯ ತುದಿಯೂ ದ್ರವದಿಂದ ಮೇಲಕ್ಕೆ ಬಂದಿತ್ತು. ಒಂದು ಗಂಟೆಯ ಶ್ರಮದಿಂದ ಹೊರಹಾಕಿದ್ದ ಗಾಳಿ ಒಂದು ಉಸಿರಿನಲ್ಲಿ ಒಳಹೊಕ್ಕಿತು.

ಗುಳ್ಳೆ ನಿಂತ ಮೇಲೆ ಮುಂದಿನ ಚಕ್ರ. ನಡುನಡುವೆ ಪಾತ್ರೆಯನ್ನು ನೋಡುತ್ತಿರಬೇಕು. ಅದು ಬರಿದಾದರೆ ಎಲ್ಲವೂ ಮೊದಲಿನಿಂದ. ತೆಗೆದ ದ್ರವವನ್ನು ಮರಳಿ ಸುರಿಯಬಾರದು. ಎಂಜಿನ್ ಎಣ್ಣೆಯನ್ನಂತೂ ಒಂದು ಹನಿಯೂ ಸೇರಿಸಬಾರದು. ಅದು ರಬ್ಬರ್ ಬಿರಡೆಗಳನ್ನು ಉಬ್ಬಿಸಿ ಕೆಡಿಸುವುದು. ದ್ರವವು ಬಣ್ಣದ ಮೇಲೆ ಚೆಲ್ಲಿದರೆ ಒಡನೆ ನೀರಿನಿಂದ ತೊಳೆಯಬೇಕು.

ಎಬಿಎಸ್ ಉಳ್ಳ ಕೆಲವು ಗಾಡಿಗಳಲ್ಲಿ ಯಂತ್ರದೊಳಗಿನ ಗಾಳಿಯನ್ನು ತೆಗೆಯಲು ಕಾರ್ಖಾನೆಯ ವಿದ್ಯುನ್ಮಾನ ಉಪಕರಣವೇ ಬೇಕು. ಕಬ್ಬು ಹೇರುವ ಭಾರಿ ಲಾರಿಗಳ ಸಂಗತಿ ಬೇರೆ. ಅವುಗಳಲ್ಲಿ ಬಹುಮಟ್ಟಿಗೆ ಬ್ರೇಕನ್ನು ನಡೆಸುವುದೇ ಗಾಳಿ. ಅಲ್ಲಿ ತೆಗೆಯಬೇಕಾದದ್ದು ಗಾಳಿಯ ತೊಟ್ಟಿಯಲ್ಲಿ ನಿಂತ ನೀರು.

ಕೆಲಸ ಮುಗಿದ ಮೇಲೆ ಪೆಡಲು ಕಾಲಿಗೆ ಗಟ್ಟಿಯಾಗಿ ಸಿಕ್ಕಬೇಕು. ಎಂಜಿನ್ ಚಾಲೂ ಮಾಡಿದಾಗ ಅದು ತುಸು ತಗ್ಗಿದರೆ ಭಯವಿಲ್ಲ. ಅದು ಬಲವರ್ಧಕದ ಕೆಲಸ. ಒತ್ತಿ ಹಿಡಿದಂತೆಯೇ ಕುಸಿಯುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆ, ಇಲ್ಲವೆ ಮುಖ್ಯ ಸಿಲಿಂಡರು ಸವೆದಿದೆ. ಎಷ್ಟು ಸಲ ಗಾಳಿ ತೆಗೆದರೂ ಅದು ಸರಿಹೋಗದು. ಆ ಗಾಡಿಯನ್ನು ಅಂಗಳ ದಾಟಿಸದೆ ಮೆಕ್ಯಾನಿಕ್ಕನನ್ನೇ ಮನೆಗೆ ಕರೆಸತಕ್ಕದ್ದು.